ಸಂಪಾದಕರ ಉತ್ತರ: ಟೇಪು ಸಿಕ್ಕಿದೆ, ರೆಕಾರ್ಡು ಬಂದಿಲ್ಲ

ಮೈಸೂರಿನ ಓದುಗ ಮಿತ್ರರೇ,

ನಿಮ್ಮ ಉದ್ದನೆಯ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೋಸ್ಕರ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ರಾತ್ರಿ ಹೊತ್ತು ಶಾರ್ಟ್‌ವೇವ್ ರೇಡಿಯೋದಲ್ಲಿ ವಾಯ್ಸ್ ಆಫ್ ಅಮೆರಿಕಾದ ಜಾಝ್ ಕಾರ್ಯಕ್ರಮ ಕೇಳಿ ಕೇಳಿ ನಿಮಗೆ ಈ ಹುಚ್ಚು ಹತ್ತಿತು. ಈಗ ಮನೆಯಲ್ಲಿ ಒಂದು ಗೋಡೆ ಪೂರ್ತಿ ಎಲ್‌ಪಿ ರೆಕಾರ್ಡುಗಳು. ವರ್ಷಕ್ಕೊಂದು ಸಲ ‘ಕಳೆದುಹೋಗಿದ್ದ ಟೇಪು ಸಿಕ್ಕಿತು’ ಅಂತ ಸುದ್ದಿ ಬರುತ್ತದೆ, ನೋಡಿದರೆ ಮತ್ತೆ ಅದೇ ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್, ಅದೇ ಪಿಯಾನೋದ ಬಿಲ್ ಎವಾನ್ಸ್. ‘ಟೀನಾ ಬ್ರೂಕ್ಸ್‌ನಂಥ ಕಡಿಮೆ ಹೆಸರಿನ ವಾದಕರಿಗೆ ಯಾರೂ ಗತಿಯಿಲ್ಲವಾ? ಕಂಪನಿಗಳು ಟೇಪುಗಳನ್ನು ಗೋದಾಮಿನಲ್ಲಿ ಬಚ್ಚಿಟ್ಟು ಬೆಲೆ ಏರಲಿ ಅಂತ ಕಾಯುತ್ತಿವೆ, ಅಲ್ವಾ?’ ಅಂತ ಕೇಳಿದ್ದೀರಿ. ಕೊನೆಯಲ್ಲಿ, ನಿಮ್ಮ ಅಣ್ಣ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದೆರಡು ಕಾರ್ಯಕ್ರಮಗಳನ್ನು ಹಿಡಿದಿಟ್ಟ ಸ್ಪೂಲ್ ಟೇಪುಗಳನ್ನು ಏನು ಮಾಡಲಿ ಎಂಬ ಪ್ರಶ್ನೆ.

ಬಚ್ಚಿಟ್ಟಿದ್ದಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಚ್ಚಿಡಬೇಕಾದರೆ ತಮ್ಮ ಹತ್ತಿರ ಏನಿದೆ ಅಂತ ಮೊದಲು ಗೊತ್ತಿರಬೇಕಲ್ಲ. ಎಷ್ಟೋ ಕಡೆ ಅದೇ ಗೊತ್ತಿರಲಿಲ್ಲ. ಇನ್ನು ಕೆಲವು ಕಡೆ ಮಾಲೇ ಉಳಿದಿಲ್ಲ. 1978ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿದ್ದ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು ಸಾವಿರಾರು ಟೇಪುಗಳು ಸುಟ್ಟುಹೋದವು. ಅಲ್ಲಿದ್ದದ್ದು ಬಹುಪಾಲು ಬಿಡುಗಡೆಯಾಗದ ಧ್ವನಿಮುದ್ರಣಗಳೇ. ಅಂದರೆ ನೀವು, ನಾನು ಆಸೆಪಡುವಂಥ ಸರಕೇ ಹೋಯಿತು.

ಕೋಲ್ಟ್ರೇನ್‌ನ ‘ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್’ ವಿಷಯ ನೋಡಿ. 1963ರ ಮಾರ್ಚ್ 6ರಂದು ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಅದನ್ನು ನುಡಿಸಿದರು. ಮರುದಿನವೇ ಗಾಯಕ ಜಾನಿ ಹಾರ್ಟ್‌ಮನ್ ಜೊತೆಗಿನ ರೆಕಾರ್ಡು. ಹಾರ್ಟ್‌ಮನ್ ರೆಕಾರ್ಡು ಬಂದು ಪ್ರಸಿದ್ಧವಾಯಿತು, ಹಿಂದಿನ ದಿನದ್ದು ಎಲ್ಲೋ ಹೋಯಿತು. ಕಂಪನಿಯ ಮಾಸ್ಟರ್ ಟೇಪು, ಅಂದರೆ ಮೂಲ ಟೇಪು, ಇವತ್ತಿಗೂ ಇಲ್ಲ. ಹಾಗಾದರೆ 2018ರಲ್ಲಿ ಅದು ಬಂದದ್ದು ಎಲ್ಲಿಂದ? ಮನೆಗೆ ಹೋಗಿ ಕೇಳಲಿ ಅಂತ ಸ್ಟುಡಿಯೋದಲ್ಲಿ ಕೋಲ್ಟ್ರೇನ್‌ಗೆ ಕೊಟ್ಟಿದ್ದ ಒಂದು ಮೋನೋ ಪ್ರತಿಯಿಂದ. ಅದು ಅವರ ಮೊದಲ ಹೆಂಡತಿ ನೈಮಾ ಅವರ ಮನೆಯವರ ಬಳಿ ಉಳಿದಿತ್ತು. ಕಂಪನಿ ಕಳೆದದ್ದನ್ನು ಮನೆಯವರು ಕಾಪಾಡಿದ್ದರು.

ನನ್ನ ಅನುಭವದಲ್ಲಿ ಸಂಗ್ರಹಕಾರರು ಹರಕೆ ಹೊರುವುದು ಬಹುಪಾಲು ತಪ್ಪು ದೇವರಿಗೆ. ಟೇಪುಗಳು ಗೋದಾಮಿನಿಂದ ಬರುವುದು ಕಡಿಮೆ. ಮನೆಗಳಿಂದ, ಗ್ರಂಥಾಲಯಗಳಿಂದ, ರೇಡಿಯೋ ನಿಲಯಗಳಿಂದ ಬರುವುದೇ ಜಾಸ್ತಿ. ಅದಕ್ಕಿಂತ ಮುಖ್ಯವಾದ ಮಾತು: ಟೇಪು ಸಿಗುವುದು ಅರ್ಧ ಕೆಲಸವೂ ಅಲ್ಲ. ಹಕ್ಕುದಾರರ ಸಹಿ ಸಿಗಬೇಕು.

ಟೇಪು ಹೇಗೆ ಸಿಗುತ್ತದೆ ಅನ್ನುವುದಕ್ಕೆ ನಿಮಗೆ ಇಷ್ಟವಾಗುವ ಒಂದು ಪ್ರಸಂಗ ಇದೆ. 1957ರ ನವೆಂಬರ್ 29ರಂದು ನ್ಯೂಯಾರ್ಕಿನ ಕಾರ್ನೆಗೀ ಹಾಲ್‌ನಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮ. ಬಿಲ್ಲಿ ಹಾಲಿಡೇ, ಡಿಜ್ಜಿ ಗಿಲೆಸ್ಪಿ, ರೇ ಚಾರ್ಲ್ಸ್, ಸಾನಿ ರಾಲಿನ್ಸ್ ಎಲ್ಲ ಒಂದೇ ವೇದಿಕೆಯಲ್ಲಿ. ಅದೇ ರಾತ್ರಿ ಪಿಯಾನೋ ವಾದಕ ಥಲೋನಿಯಸ್ ಮಂಕ್ ತಂಡದಲ್ಲಿ ಕೋಲ್ಟ್ರೇನ್ ನುಡಿಸಿದರು. ಆ ಇಬ್ಬರು ಒಟ್ಟಿಗಿದ್ದದ್ದೇ ಕೆಲವು ತಿಂಗಳು, ಉಳಿದ ಧ್ವನಿಮುದ್ರಣವೂ ತೀರಾ ಕಡಿಮೆ. ಹೊರದೇಶದ ಕೇಳುಗರಿಗೆ ಪ್ರಸಾರ ಮಾಡುವುದಕ್ಕೆ ಅಂತ ಆ ಕಛೇರಿಯನ್ನು ಹಿಡಿದಿಟ್ಟದ್ದು ನಿಮ್ಮ ಅದೇ ವಾಯ್ಸ್ ಆಫ್ ಅಮೆರಿಕಾ. ಟೇಪುಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸೇರಿ ಸುಮ್ನೆ ಕೂತವು. 2005ರ ಆರಂಭದಲ್ಲಿ ಅಲ್ಲಿನ ಲ್ಯಾರಿ ಆಪಲ್‌ಬಾಮ್ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವ ದಿನನಿತ್ಯದ ಕೆಲಸದಲ್ಲಿದ್ದಾಗ ‘ಕಾರ್ನೆಗೀ ಹಾಲ್ ಜಾಝ್ 1957’ ಅಂತ ಬರೆದಿದ್ದ ಡಬ್ಬಿಗಳು ಕೈಗೆ ಬಂದವು. ಒಂದರ ಮೇಲೆ ಕೈಬರಹದಲ್ಲಿ ‘ಟಿ. ಮಂಕ್’ ಅಂತಿತ್ತು. ಕೋಲ್ಟ್ರೇನ್ ಹೆಸರೇ ಇಲ್ಲ! ಹಾಕಿ ಕೇಳಿದಾಗ ಸ್ಯಾಕ್ಸೊಫೋನ್ ದನಿಯಿಂದಲೇ ಅವರಿಗೆ ಗುರುತು ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ಲೂ ನೋಟ್ ಕಂಪನಿಯಿಂದ ರೆಕಾರ್ಡು ಹೊರಬಂತು.

ಸಿಕ್ಕ ವರ್ಷವೇ ಬಂತು, ಗಮನಿಸಿ. ಇಷ್ಟು ಬೇಗ ಆಗುವುದು ಅಪರೂಪ. ಇದಕ್ಕೆ ಪೂರ್ತಿ ಉಲ್ಟಾ ಇರುವುದು ಬಿಲ್ ಸೇವರಿಯ ಸಂಗ್ರಹ. ಸೇವರಿ 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಒಂದು ಸ್ಟುಡಿಯೋದಲ್ಲಿ ಎಂಜಿನಿಯರ್. ರೇಡಿಯೋದಲ್ಲಿ ಬರುತ್ತಿದ್ದ ಜಾಝ್ ಪ್ರಸಾರಗಳನ್ನು ಅವರು ತಮ್ಮ ಸಂತೋಷಕ್ಕೆ ಡಿಸ್ಕುಗಳ ಮೇಲೆ ಕೊರೆದಿಟ್ಟರು. ಅಂಗಡಿಯಲ್ಲಿ ಸಿಗುತ್ತಿದ್ದ ಹತ್ತು ಇಂಚಿನ ಪ್ಲೇಟಿನಲ್ಲಿ ಒಂದು ಬದಿಗೆ ಮೂರು ನಿಮಿಷ ಅಷ್ಟೆ. ಸೇವರಿಯ ಕೆಲವು ಡಿಸ್ಕುಗಳು ದೊಡ್ಡವು, ಹೆಚ್ಚು ಹೊತ್ತು ಹಿಡಿಯುತ್ತಿದ್ದವು. ಹಾಗಾಗಿ ಸ್ಯಾಕ್ಸೊಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ ತಮ್ಮ ‘ಬಾಡಿ ಅಂಡ್ ಸೋಲ್’ ಅನ್ನು 1940ರಲ್ಲಿ ರೇಡಿಯೋಗೆ ನುಡಿಸಿದಾಗ ಎಷ್ಟು ಬೆಳೆಸಿದರು ಅನ್ನುವುದು ನಮಗೆ ಗೊತ್ತಾಯಿತು. ಅದೇ ಹಾಡಿನ 1939ರ ಪ್ಲೇಟಿನಲ್ಲಿ ಜಾಗವಿಲ್ಲದೆ ನಿಲ್ಲಿಸಬೇಕಾಗಿದ್ದ ಕಡೆಯಿಂದ ಇಲ್ಲಿ ಇನ್ನೂ ಮುಂದಕ್ಕೆ ಹೋಗುತ್ತಾರೆ.

ಸೇವರಿ ಬದುಕಿದ್ದಷ್ಟು ಕಾಲ ಆ ಡಿಸ್ಕುಗಳನ್ನು ಹೊರಗೆ ಬಿಡಲಿಲ್ಲ. 2004ರಲ್ಲಿ ತೀರಿಕೊಂಡರು. ಮಗನ ಹತ್ತಿರ ಇದ್ದ ಸುಮಾರು ಸಾವಿರ ಡಿಸ್ಕುಗಳನ್ನು 2010ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ರಾಷ್ಟ್ರೀಯ ಜಾಝ್ ಸಂಗ್ರಹಾಲಯ ಪಡೆಯಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆಮೇಲೆ? ಕೇಳಬೇಕಾದರೆ ಸಂಗ್ರಹಾಲಯಕ್ಕೇ ಹೋಗಬೇಕಿತ್ತು. ಮೊದಲ ಕಂತು ಮಾರಾಟಕ್ಕೆ ಬಂದದ್ದು 2016ರಲ್ಲಿ. ಮೊಸೇಕ್ ಕಂಪನಿಯ ಬಾಕ್ಸ್ ಸೆಟ್ ಬಂದದ್ದು 2018ರಲ್ಲಿ. ಡಿಸ್ಕು ಸೇವರಿಯದ್ದಾದರೂ ಅದರೊಳಗಿನ ಸಂಗೀತ ಅವರದ್ದಲ್ಲವಲ್ಲ. ನುಡಿಸಿದವರ ವಾರಸುದಾರರು ಬೇರೆ, ರಾಗ ಕಟ್ಟಿದವರ ಹಕ್ಕು ಬೇರೆ. ನಮ್ಮ ಕಡೆ ಪಿತ್ರಾರ್ಜಿತ ಜಮೀನಿನ ಖಾತೆ ಬದಲಾವಣೆಗೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಸಹಿ ಹಾಕದಿದ್ದರೆ ಎಲ್ಲರದ್ದೂ ನಿಂತಿತು.

ಕಾನೂನೂ ನಮ್ಮ ಪರವಾಗಿಲ್ಲ. ಹಳೆಯ ಧ್ವನಿಮುದ್ರಣಗಳ ಹಕ್ಕಿನ ಬಗ್ಗೆ ಅಮೆರಿಕದಲ್ಲಿ 2018ರಲ್ಲಿ ಬಂದ ಕಾಯಿದೆಯ ಪ್ರಕಾರ 1923ರ ರೆಕಾರ್ಡುಗಳು 2024ರ ಜನವರಿಯಲ್ಲಿ ಎಲ್ಲರ ಸ್ವತ್ತಾದವು. ಕಿಂಗ್ ಆಲಿವರ್ ತಂಡದಲ್ಲಿ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್ ನುಡಿಸಿದ ಪ್ಲೇಟುಗಳು ಆ ವರ್ಷದವು. ಅಲ್ಲಿಂದ ಮುಂದೆ ವರ್ಷಕ್ಕೊಂದು ವರ್ಷದ ಸರಕು ಬಿಡುಗಡೆ. ಆದರೆ 1957ರಿಂದ 1972ರ ಫೆಬ್ರವರಿವರೆಗಿನದ್ದಕ್ಕೆಲ್ಲ 2067ರವರೆಗೆ ಬೀಗ. ನಿಮ್ಮ ಗೋಡೆಯ ಮುಕ್ಕಾಲು ಪಾಲು ಆ ಹದಿನೈದು ವರ್ಷದ್ದೇ ಇರಬೇಕು! ಯುರೋಪಿನಲ್ಲಿ 1962ರವರೆಗೆ ಬಿಡುಗಡೆಯಾದವು ಹಕ್ಕಿನಿಂದ ಹೊರಗಿವೆ. ಅಲ್ಲಿಂದ ಬರುವ ಅಗ್ಗದ ಎಲ್‌ಪಿಗಳ ಗುಟ್ಟು ಅದೇ. ಕಾನೂನಿಗೆ ಸರಿ. ಆದರೆ ಎಷ್ಟೋ ಸಲ ಅವನ್ನು ಹಳೆಯ ಸಿಡಿಯಿಂದಲೇ ಇಳಿಸಿರುತ್ತಾರೆ, ನುಡಿಸಿದವರ ಮನೆಗೆ ಒಂದು ಕಾಸೂ ಹೋಗುವುದಿಲ್ಲ. ನಾನು ಕೊಳ್ಳುವುದಿಲ್ಲ. ನಿಮ್ಮ ಇಷ್ಟ.

ಇನ್ನು ಟೀನಾ ಬ್ರೂಕ್ಸ್. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಹೆಸರು. ಟೆನರ್ ಸ್ಯಾಕ್ಸೊಫೋನ್ ವಾದಕ. 1958ರಿಂದ 1961ರೊಳಗೆ ಬ್ಲೂ ನೋಟ್‌ಗೆ ತಮ್ಮ ಹೆಸರಿನಲ್ಲಿ ನಾಲ್ಕು ರೆಕಾರ್ಡಿಗಾಗುವಷ್ಟು ನುಡಿಸಿದರು. ಬದುಕಿದ್ದಾಗ ಬಂದದ್ದು ‘ಟ್ರೂ ಬ್ಲೂ’ ಒಂದೇ. ‘ಬ್ಯಾಕ್ ಟು ದ ಟ್ರ್ಯಾಕ್ಸ್’ಗೆ ನಂಬರು ಕೊಟ್ಟು ಜಾಹೀರಾತನ್ನೂ ಹಾಕಿದ್ದರು, ರೆಕಾರ್ಡು ಮಾತ್ರ ಅಂಗಡಿಗೆ ಬರಲೇ ಇಲ್ಲ. 1974ರಲ್ಲಿ, 42ನೇ ವಯಸ್ಸಿಗೆ ಹೋಗಿಬಿಟ್ಟರು. ನುಡಿಸಿದ್ದು ಚೆನ್ನಾಗಿಲ್ಲ ಅಂತ ತಡೆದದ್ದೇ? ಕೇಳಿದರೆ ಹಾಗನ್ನಿಸುವುದಿಲ್ಲ. ಬ್ಲೂ ನೋಟ್‌ನ ಆಲ್‌ಫ್ರೆಡ್ ಲಯನ್ ತಾವು ಮಾರುಕಟ್ಟೆಗೆ ಬಿಡಬಲ್ಲದ್ದಕ್ಕಿಂತ ಜಾಸ್ತಿ ರೆಕಾರ್ಡ್ ಮಾಡಿಸುತ್ತಿದ್ದರು. ತಾಲೀಮಿಗೂ ದುಡ್ಡು ಕೊಡುತ್ತಿದ್ದರು. ಹಾಗಾಗಿ ಬೇರೆ ಕಂಪನಿಗಳ ಕಪಾಟಿನಲ್ಲಿ ಉಳಿದದ್ದು ಚಿಂದಿಯಾದರೆ ಇವರ ಕಪಾಟಿನಲ್ಲಿ ಉಳಿದದ್ದು ಪೂರ್ತಿ ರೆಕಾರ್ಡುಗಳು.

ಅವನ್ನು ಹೊರಗೆ ತಂದದ್ದು ಮೈಕೇಲ್ ಕಸ್ಕೂನಾ ಅನ್ನುವ ಒಬ್ಬ ಮನುಷ್ಯನ ಹಟ. 1975ರ ಹೊತ್ತಿಗೆ ಬ್ಲೂ ನೋಟ್‌ನ ಟೇಪುಗಳ ನಡುವೆ ಕೂತು ಒಂದೊಂದನ್ನೇ ಕೇಳಿ, ಯಾರು ಯಾವತ್ತು ಏನು ನುಡಿಸಿದರು ಅಂತ ಪಟ್ಟಿ ಮಾಡಿದರು. ಆಮೇಲೆ ಚಾರ್ಲಿ ಲೂರಿ ಜೊತೆ ಸೇರಿ ಮೊಸೇಕ್ ಕಟ್ಟಿದರು. 1983ರಲ್ಲಿ ಮಂಕ್ ಅವರ ಬ್ಲೂ ನೋಟ್ ರೆಕಾರ್ಡುಗಳೆಲ್ಲ ಒಂದು ಪೆಟ್ಟಿಗೆಯಲ್ಲಿ. 1985ರಲ್ಲಿ ಟೀನಾ ಬ್ರೂಕ್ಸ್ ತಮ್ಮ ಹೆಸರಿನಲ್ಲಿ ನುಡಿಸಿದ್ದೆಲ್ಲ ಇನ್ನೊಂದು ಪೆಟ್ಟಿಗೆಯಲ್ಲಿ. ಲೆಕ್ಕ ಸರಳವಾಗಿತ್ತು: ದೊಡ್ಡ ಕಂಪನಿಯಿಂದ ಇಷ್ಟು ಪ್ರತಿಗೆ, ಇಷ್ಟು ಕಾಲಕ್ಕೆ ಅಂತ ಪರವಾನಗಿ ತೆಗೆದುಕೊಳ್ಳುವುದು, ಪ್ರತಿಗೆ ನಂಬರು ಹಾಕುವುದು, ಮುಗಿದರೆ ಮುಗಿಯಿತು. ದೊಡ್ಡ ಕಂಪನಿಗೆ ಕೆಲವೇ ಸಾವಿರ ಪ್ರತಿ ಲಾಭವಲ್ಲ, ಪುಟ್ಟ ಕಂಪನಿಗೆ ಅದೇ ಜೀವನ. ಕಸ್ಕೂನಾ 2024ರಲ್ಲಿ ತೀರಿಕೊಂಡರು. ಹಾಗಾಗಿ ನೀವು ‘ಯಾವ ಕಂಪನಿ ತರುತ್ತದೆ’ ಅಂತ ಕೇಳುವ ಬದಲು ‘ಯಾರು ತರುತ್ತಾರೆ’ ಅಂತ ಕೇಳಬೇಕು. ಸದ್ಯಕ್ಕೆ ಆ ಓಡಾಟದಲ್ಲಿ ಮುಂದಿರುವವರು ಜೆವ್ ಫೆಲ್ಡ್‌ಮನ್. ಬಿಲ್ ಎವಾನ್ಸ್ 1968ರಲ್ಲಿ ಜರ್ಮನಿಯ ಫಿಲಿಂಗನ್‌ನಲ್ಲಿ ನುಡಿಸಿದ್ದನ್ನು 2016ರಲ್ಲಿ ಹೊರತಂದವರು ಅವರೇ.

ಅದೇ ಎವಾನ್ಸ್, ಅದೇ ಕೋಲ್ಟ್ರೇನ್ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ವಕೀಲರಿಗೆ, ವಾರಸುದಾರರಿಗೆ, ಟೇಪು ಸರಿಪಡಿಸುವವರಿಗೆ ಆಗುವ ಖರ್ಚು ಯಾರ ಟೇಪಾದರೂ ಹೆಚ್ಚುಕಡಿಮೆ ಒಂದೇ. ಕೋಲ್ಟ್ರೇನ್ ಆದರೆ ಆ ದುಡ್ಡು ವಾಪಸ್ ಬರುತ್ತದೆ.

ಒಂದು ಮಾತು ನಿಮಗೆ ರುಚಿಸದೇ ಹೋಗಬಹುದು. ಸಿಕ್ಕಿದ್ದೆಲ್ಲ ಬರಲಿ ಅಂದಿದ್ದೀರಿ. ಬೇಡ ಅನ್ನುತ್ತೇನೆ ನಾನು. ಡೀನ್ ಬೆನೆಡೆಟ್ಟಿ ಅನ್ನುವ ಸ್ಯಾಕ್ಸೊಫೋನ್ ವಾದಕ 1947–48ರಲ್ಲಿ ಪ್ರಸಿದ್ಧ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕ್ಲಬ್ಬುಗಳಿಗೆ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಹೋಗುತ್ತಿದ್ದ. ಪಾರ್ಕರ್ ಶುರು ಮಾಡಿದರೆ ಯಂತ್ರ ಆನ್. ಪಾರ್ಕರ್ ನಿಲ್ಲಿಸಿ ಪಕ್ಕದವರು ಶುರು ಮಾಡಿದರೆ ಆಫ್! 1990ರಲ್ಲಿ ಮೊಸೇಕ್ ಅದನ್ನೆಲ್ಲ ಏಳು ಸಿಡಿಗಳಲ್ಲಿ ತಂದಿತು. ತುಣುಕಿನ ಮೇಲೆ ತುಣುಕು. ಅಧ್ಯಯನ ಮಾಡುವವರಿಗೆ ಅದು ನಿಧಿ, ಬರಲೇಬೇಕಿತ್ತು. ಆದರೆ ಸಂಜೆ ಕೂತು ಸಂಗೀತ ಕೇಳುವವರಿಗೆ ಅದು ಸಂಗೀತವಲ್ಲ, ದಾಖಲೆ. ಕಲಾವಿದ ಬದುಕಿದ್ದಾಗ ‘ಇದು ಬೇಡ’ ಅಂದ ಟೇಕುಗಳನ್ನು ‘ಬೋನಸ್’ ಅಂತ ರೆಕಾರ್ಡಿನ ಮಧ್ಯೆ ತುರುಕುವುದಂತೂ ನನಗೆ ಸಹಿಸಲಾಗುವುದಿಲ್ಲ. ಬೇಕಾದರೆ ಕೊನೆಯಲ್ಲಿ ಬೇರೆ ಡಿಸ್ಕಿನಲ್ಲಿ ಹಾಕಲಿ.

‘ಜ್ಯೋತಿ’ ಬಗ್ಗೆಯೂ ಕೇಳಿದ್ದೀರಿ. 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಜರ್ಮನಿಯ ಇಸಿಎಂ ಕಂಪನಿಗೆ ನುಡಿಸಿದ ರೆಕಾರ್ಡು. ಆರ್.ಎ. ರಮಾಮಣಿ ಅವರ ದನಿ, ಟಿ.ಎ.ಎಸ್. ಮಣಿ ಅವರ ಮೃದಂಗ. ಇಂಥವರ ಇನ್ನಷ್ಟು ಧ್ವನಿಮುದ್ರಣ ಬೇಕೆಂಬ ನಿಮ್ಮ ಆಸೆಗೆ ನಾನು ತೋರಿಸುವ ಬಾಗಿಲು ಯುರೋಪಿನ ರೇಡಿಯೋ ನಿಲಯಗಳು. ಕಛೇರಿ ನಡೆದರೆ ಟೇಪು ಓಡಿಸುವ ಅಭ್ಯಾಸ ಅಲ್ಲಿತ್ತು. ಗಿಟಾರ್ ವಾದಕ ವೆಸ್ ಮಾಂಟ್ಗಮರಿ 1965ರಲ್ಲಿ ಹ್ಯಾಂಬರ್ಗಿನಲ್ಲಿ ನುಡಿಸಿದ್ದು, ಎವಾನ್ಸ್ 1968ರಲ್ಲಿ ನೆದರ್ಲೆಂಡ್ಸ್‌ನ ಹಿಲ್ವರ್ಸಮ್‌ನಲ್ಲಿ ನುಡಿಸಿದ್ದು ಎಲ್ಲ ರೇಡಿಯೋ ಟೇಪುಗಳಿಂದಲೇ ಬಂದವು.

ಇನ್ನು ಅಣ್ಣನ ಟೇಪುಗಳು. ದಯವಿಟ್ಟು ಅವನ್ನು ಯಾವುದೋ ಹಳೆಯ ಯಂತ್ರಕ್ಕೆ ಹಾಕಿ ‘ಸ್ವಲ್ಪ ಕೇಳೋಣ’ ಅನ್ನಬೇಡಿ. ಎಪ್ಪತ್ತು–ಎಂಬತ್ತರ ದಶಕದ ಎಷ್ಟೋ ಟೇಪುಗಳ ಅಂಟು ತೇವ ಹೀರಿಕೊಂಡು ಮೆತ್ತಗಾಗಿರುತ್ತದೆ. ಓಡಿಸಿದರೆ ಕಂದು ಬಣ್ಣದ ಲೇಪ ಕಿತ್ತು ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಜೊತೆಗೆ ಸಂಗೀತವೂ ಹೋಗುತ್ತದೆ. ಅಂಥ ಟೇಪನ್ನು ತಿಳಿದವರು ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಆಮೇಲೆ ಡಿಜಿಟಲ್ ಪ್ರತಿ ಮಾಡುತ್ತಾರೆ. ಅಡುಗೆಮನೆಯ ಓವನ್‌ನಲ್ಲಿ ಪ್ರಯೋಗ ಬೇಡ. ಅಲ್ಲಿಯವರೆಗೆ ಒಣಗಿದ ಜಾಗದಲ್ಲಿ, ನಿಲ್ಲಿಸಿ ಇಡಿ. ಸ್ಪೀಕರ್ ಪಕ್ಕ ಬೇಡ.

ಅಣ್ಣ ನೆನಪು ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದರೆ ಈ ವಾರವೇ ಕೂತು ಬರೆಸಿಕೊಳ್ಳಿ: ಯಾವ ಸಭಾಂಗಣ, ಯಾವ ವರ್ಷ, ವೇದಿಕೆಯ ಮೇಲೆ ಯಾರ್ಯಾರು, ರೆಕಾರ್ಡ್ ಮಾಡಲು ಒಪ್ಪಿಗೆ ಕೊಟ್ಟವರು ಯಾರು. ಡಬ್ಬಿಯ ಮೇಲಿರುವ ಬರಹದ ಫೋಟೋ ತೆಗೆದು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಆ ಸಂಜೆ ನುಡಿಸಿದವರೋ ಅವರ ಮನೆಯವರೋ ನೋಡಿ ಬರೆದರೆ ನಿಮಗೆ ತಿಳಿಸುತ್ತೇವೆ. ಸಹಿಗೆ ಮೊದಲು ಅವರನ್ನೇ ಕೇಳಬೇಕಲ್ಲ.

— ಸಂ.