ಗ್ಯಾಸ್ಕೆಟ್ ಎರಡು ಸಲ ಬದಲಿಸಿದೆ, ಕ್ಲಚ್ ಕವರ್ ಇನ್ನೂ ಸೋರುತ್ತಿದೆ!

ಹಳೇ ಬೈಕಿನ ಕ್ಲಚ್ ಕವರ್ (ಎಂಜಿನ್ ಪಕ್ಕದಲ್ಲಿ ಕ್ಲಚ್ ಮುಚ್ಚುವ ಲೋಹದ ಮುಚ್ಚಳ) ಸೋರುತ್ತಿದೆ ಅನ್ನುವ ಪತ್ರ ಪ್ರತಿ ಸಲವೂ ಬರುತ್ತದೆ. ಈ ಸಲ ಬಂದ ರಾಶಿ ನೋಡಿ ತಲೆ ಕೆಟ್ಟಿತು. ಅದಕ್ಕೇ ಒಂದು ಪತ್ರ ಹಿಡಿದು ಪೂರ್ತಿ ಉತ್ತರ ಬರೆಯುತ್ತಿದ್ದೇನೆ. ಆಯಿಲ್ ಇಳಿಸುವುದು, ಸ್ಕ್ರೂ ಬಿಚ್ಚುವುದು ಹೇಗೆ ಅಂತ ಹೇಳುವುದಿಲ್ಲ. ಅದೂ ಗೊತ್ತಿಲ್ಲದಿದ್ದರೆ ದಯವಿಟ್ಟು ಸ್ಪ್ಯಾನರ್ ಕೆಳಗಿಡಿ.

ಪ್ರಶ್ನೆ: ನನ್ನದು 1970ರ ದಶಕದ ಟೂ-ಸ್ಟ್ರೋಕ್ ಬೈಕ್. ಕ್ಲಚ್ ಕವರ್ ಗ್ಯಾಸ್ಕೆಟ್, ಅಂದರೆ ಕವರಿನ ಅಂಚಿಗೆ ಕೂರುವ ತೆಳು ಹಾಳೆ, ಎರಡು ಸಲ ಬದಲಿಸಿದೆ. ಎರಡನೇ ಸಲ ಸಿಲಿಕಾನ್ ಸೀಲಂಟೂ ಹಚ್ಚಿದೆ. ಆದರೂ ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಆಯಿಲ್. ಈಗ ಕಿಕ್ ಹೊಡೆದರೆ ಲಿವರ್ ಕೆಳಗೇ ಜೋತು ಬೀಳುತ್ತದೆ. ಹಳೇ ಗಾಡಿ ಅಂದ್ಮೇಲೆ ಸೋರಲೇಬೇಕು ಅಂತಾರೆ ಮೆಕ್ಯಾನಿಕ್. ಹೌದಾ?

ಉತ್ತರ: ಅಲ್ಲ. ಕೆಲಸ ಬಾರದವರು ಹೇಳಿಕೊಂಡು ಓಡಾಡುವ ಮಾತು ಅದು. ಸೋರುವ ಬೈಕಿಗೆ ಒಂದು ಕಾರಣ ಇದ್ದೇ ಇರುತ್ತದೆ. ನೀವು ಅದನ್ನು ಹುಡುಕದೆ ಸುಮ್ನೆ ಗ್ಯಾಸ್ಕೆಟ್ ಬದಲಿಸುತ್ತಾ ಕೂತಿದ್ದೀರಿ.

ಆಯಿಲ್ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲೇ ಸೋರುತ್ತಿದೆ ಅಂತೇನಿಲ್ಲ. ಅದು ಮೇಲೆಲ್ಲೋ ಹೊರಬಂದು, ಕವರಿನ ಅಂಚು ಹಿಡಿದು ಇಳಿದು, ಕೊನೆಗೆ ಕೆಳಗಿನ ಸ್ಕ್ರೂ ತಲೆಯಲ್ಲಿ ಹನಿಗೂಡುತ್ತದೆ. ಎಂಜಿನ್ ತಣ್ಣಗಿದ್ದಾಗ ಚೆನ್ನಾಗಿ ತೊಳೆದು ಒಣಗಿಸಿ. ಕವರಿನ ಸುತ್ತ ಟಾಲ್ಕಂ ಪೌಡರ್ ಉದುರಿಸಿ. ಹತ್ತು ನಿಮಿಷ ಎಂಜಿನ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಮೇಲೆಲ್ಲಿ ಶುರುವಾಗಿದೆಯೋ ಅಲ್ಲಿದ್ದಾನೆ ಕಳ್ಳ.

ಗೇರ್ ಆಯಿಲಿನ ಮಟ್ಟವನ್ನೂ ನೋಡಿ. ನೀವು ಹಾಕಿದ್ದಕ್ಕಿಂತ ಜಾಸ್ತಿಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ಮುಖ್ಯ ಶಾಫ್ಟಿನ ಸುತ್ತ ಇರುವ ರಬ್ಬರ್ ಬಳೆ) ಮೇಲೆ ಅನುಮಾನ ಇಡಿ. ಮಟ್ಟ ಇಳಿಯುತ್ತಾ ಸೈಲೆನ್ಸರಿನಲ್ಲಿ ಹೊಗೆ ಜಾಸ್ತಿಯಾದರೂ ಅದೇ ಸೀಲ್. ಎಂಜಿನ್ ಗೇರ್ ಆಯಿಲನ್ನು ಎಳೆದು ಸುಡುತ್ತಿರುತ್ತದೆ. ಒಳಗಿನ ಗಾಳಿ ಹೊರಹೋಗುವ ಬ್ರೀದರ್ ರಂಧ್ರ ಮಣ್ಣು ಕಟ್ಟಿದ್ದರೂ ಕಷ್ಟ. ಒಳಗೆ ಬಿಸಿಯಾದ ಗಾಳಿಗೆ ದಾರಿ ಇಲ್ಲದೆ ಅದು ಆಯಿಲನ್ನು ಸೀಲಿನಿಂದ ಹೊರಗೆ ತಳ್ಳುತ್ತದೆ.

ನಿಮ್ಮ ಪತ್ರ ಓದಿದರೆ ನನಗೆ ಅನುಮಾನ ಬರುವುದು ಕಿಕ್ ಶಾಫ್ಟಿನ ಸೀಲ್ ಮೇಲೆ. ಶಾಫ್ಟ್ ಕವರಿನಿಂದ ಹೊರಬರುವ ಕಡೆ ಇರುತ್ತದಲ್ಲ, ಆ ರಬ್ಬರ್ ಬಳೆ. ಶಾಫ್ಟಿನ ತುದಿಯಲ್ಲಿ ಲಿವರ್ ಕೂರಲು ಸ್ಪ್ಲೈನ್ ಹಲ್ಲುಗಳಿವೆ. ಕವರನ್ನು ಹಾಗೇ ತಳ್ಳಿ ಕೂರಿಸಿದರೆ ಆ ಹಲ್ಲುಗಳು ಸೀಲಿನ ತುಟಿಯನ್ನು ಗರಗಸದ ಹಾಗೆ ಕೊಯ್ಯುತ್ತವೆ. ನೀವು ಎರಡು ಸಲ ತಳ್ಳಿದ್ದೀರಿ.

ಹೊಸ ಸೀಲ್ ತನ್ನಿ. ಹಳೆಯದರ ಮೇಲೆ 20×30×7 ಥರ ಮೂರು ಸಂಖ್ಯೆ ಇರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಸಣ್ಣ ಸ್ಪ್ರಿಂಗ್ ಕಾಣುವ ಮುಖ ಆಯಿಲ್ ಕಡೆಗಿರಲಿ. ಸ್ಪ್ಲೈನ್ ಮೇಲೆ ತೆಳು ಟೇಪ್ ಸುತ್ತಿ, ಗ್ರೀಸ್ ಸವರಿ, ಆಮೇಲೆ ಕವರ್ ತಳ್ಳಿ. ಟೇಪ್ ಕೊನೆಗೆ ಕಿತ್ತುಕೊಳ್ಳಿ. ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಿ. ಹಳೇ ಸೀಲ್ ಕೂತ ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ಸವೆದಿದ್ದರೆ, ಜಾಗ ಇದ್ದರೆ ಹೊಸ ಸೀಲನ್ನು ಒಂದು ಮಿಲಿಮೀಟರ್ ಈಚೆ ಕೂರಿಸಿ. ತುಟಿ ಸವೆಯದ ಲೋಹದ ಮೇಲೆ ಕೂರುತ್ತದೆ.

ಸಿಲಿಕಾನ್ ಪೂರ್ತಿ ಕೆರೆದು ತೆಗೆಯಿರಿ. ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಅದು ತುಂಡಾಗಿ ಆಯಿಲ್ ದಾರಿಗೆ ಅಡ್ಡ ಕೂರುತ್ತದೆ. ಕೆರೆಯುವಾಗ ಸ್ಕ್ರೂಡ್ರೈವರ್ ಮುಟ್ಟಬೇಡಿ. ಅಲ್ಯುಮಿನಿಯಂ ಮೇಲೆ ಒಂದು ಗೀರು ಬಿದ್ದರೆ ಸೋರಲು ಹೊಸ ದಾರಿ ಸಿಕ್ಕಿದ ಹಾಗೆ. ಸ್ಕ್ರೂಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಎಂ6 (6 ಮಿಲಿಮೀಟರ್ ದಪ್ಪದ) ಸ್ಕ್ರೂಗೆ 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು. ಮೈಯೆಲ್ಲಾ ಬಲ ಹಾಕಿದರೆ ಕಿತ್ತು ಬರುವುದು ಥ್ರೆಡ್ಡೇ.

ಇನ್ನು ಕಿಕ್. ಕವರ್ ಎಳೆದಾಗ ಶಾಫ್ಟೂ ಜೊತೆಗೆ ಬಂದು, ಲಿವರನ್ನು ಮೇಲೆತ್ತುವ ಸ್ಪ್ರಿಂಗ್ ತನ್ನ ಗೂಟದಿಂದ ಕಳಚಿರಬೇಕು. ನೀವು ಅದನ್ನು ಬಿಗಿಯಿಲ್ಲದೆ ಸಿಕ್ಕಿಸಿ ಮುಚ್ಚಿದ್ದೀರಿ. ಒಂದು ತುದಿ ಶಾಫ್ಟಿನ ರಂಧ್ರಕ್ಕೆ ಹೋಗಬೇಕು. ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು, ಲಿವರನ್ನು ಮೇಲಕ್ಕೆ ಎಳೆಯುವ ಬಿಗಿ ಬರುವ ದಿಕ್ಕಿಗೇ ತಿರುಗಿಸಿ ಎಂಜಿನ್ ಕೇಸಿನ ಗೂಟಕ್ಕೆ ಹಾಕಬೇಕು. ಎಷ್ಟು ತಿರುಗಿಸಬೇಕು ಅನ್ನುವುದನ್ನು ನಿಮ್ಮ ಬೈಕಿನ ಮ್ಯಾನ್ಯುಯಲ್ ಹೇಳುತ್ತದೆ, ನಾನಲ್ಲ. ಜಾಸ್ತಿ ಸುತ್ತಿದರೆ ಕಿಕ್ ಪೂರ್ತಿ ಇಳಿಯುವ ಮೊದಲೇ ಸ್ಪ್ರಿಂಗ್ ಬಿಗಿದುಕೊಂಡು ಮುರಿಯುತ್ತದೆ. ಈ ಕೆಲಸಕ್ಕೆ ಕಣ್ಣಿಗೆ ಕನ್ನಡಕ ಇರಲೇಬೇಕು. ಇಕ್ಕಳ ಜಾರಿದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ. ರ‍್ಯಾಚೆಟ್ (ಕಿಕ್ ಹೊಡೆದಾಗ ಮಾತ್ರ ಹಿಡಿಯುವ ಹಲ್ಲಿನ ಚಕ್ರ) ಮೇಲೂ ಶಾಫ್ಟ್ ಮೇಲೂ ಚುಕ್ಕೆ ಗುರುತು ಇದ್ದರೆ ಎರಡನ್ನೂ ಎದುರುಬದುರು ಕೂಡಿಸಿ.

ಮುಚ್ಚುವ ಮೊದಲು ಲಿವರ್ ಸಡಿಲವಾಗಿ ಸಿಕ್ಕಿಸಿ ಹತ್ತು ಸಲ ಕೈಯಲ್ಲಿ ಒತ್ತಿ ಬಿಡಿ. ಹತ್ತೂ ಸಲ ಮೇಲೆ ಬರಬೇಕು. ಲಿವರ್ ಮೇಲಿದ್ದಾಗ ಕ್ಲಚ್ ಪ್ಲೇಟುಗಳು ಕೂರುವ ಬುಟ್ಟಿ ತಿರುಗಿಸಿ, ಕಿಕ್ ಕಡೆಯಿಂದ ಕಟಕಟ ಸದ್ದು ಬರಬಾರದು. ಬಂದರೆ ರ‍್ಯಾಚೆಟ್ ಬಿಟ್ಟುಕೊಂಡಿಲ್ಲ. ಎಂಜಿನ್ ಓಡುವಷ್ಟು ಹೊತ್ತೂ ಹಲ್ಲು ತೇಯುತ್ತದೆ.

ಕವರಿನ ಒಳಗೂ ಬೆರಳಾಡಿಸಿ ನೋಡಿ. ಒಮ್ಮೆ ನಾನು ಎಲ್ಲ ಜೋಡಿಸಿದ ಮೇಲೆ ಶಾಫ್ಟ್ ಯಾಕೋ ಅಲ್ಲಾಡುತ್ತಿತ್ತು. ಪುನಃ ಬಿಚ್ಚಿದೆ. ಕಾಗದದಷ್ಟು ತೆಳ್ಳಗಿನ ವಾಷರ್ ಒಂದು ಆಯಿಲಿನ ಅಂಟಿಗೆ ಕವರಿನ ಒಳಮೈಗೆ ಕಚ್ಚಿಕೊಂಡಿತ್ತು. ಕಪ್ಪು ಆಯಿಲ್, ಕಪ್ಪು ವಾಷರ್. ಅವತ್ತು ಹಾಳಾದದ್ದು ಒಂದು ಹೊಸ ಗ್ಯಾಸ್ಕೆಟ್ ಮತ್ತು ನನ್ನ ಭಾನುವಾರ.

ಪ್ರಶ್ನೆ: ಸೋರಿಕೆ ನಿಲ್ಲಿಸುವ ದ್ರವ ಬರುತ್ತದಲ್ಲ, ಆಯಿಲಿಗೆ ಬೆರೆಸಬಹುದೇ?

ಉತ್ತರ: ಕೊಯ್ದ ರಬ್ಬರನ್ನು ಯಾವ ಬಾಟಲಿಯೂ ಹೊಲಿಯುವುದಿಲ್ಲ. ಅದೇ ಆಯಿಲಿನಲ್ಲಿ ನಿಮ್ಮ ಕ್ಲಚ್ ಪ್ಲೇಟೂ ಮುಳುಗಿದೆ, ನೆನಪಿರಲಿ.

ಪ್ರಶ್ನೆ: ಹೊರಗಿನಿಂದ ಎಪಾಕ್ಸಿ ಪುಟ್ಟಿ ಮೆತ್ತಿದರೆ?

ಉತ್ತರ: ಮೆತ್ತಿ. ಆಮೇಲೆ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ಕಾರಿನ ಎಂಜಿನ್ ಆಯಿಲ್ ಉಳಿದಿದೆ, ಫೋರ್-ಸ್ಟ್ರೋಕ್ ಬೈಕಿಗೆ ಹಾಕಲೇ?

ಉತ್ತರ: ಘರ್ಷಣೆ ತಗ್ಗಿಸುವ ಮಿಶ್ರಣ ಇರುವ ಕಾರ್ ಆಯಿಲಿನಲ್ಲಿ ಒದ್ದೆ ಕ್ಲಚ್ (ಆಯಿಲಿನಲ್ಲೇ ಮುಳುಗಿರುವ ಕ್ಲಚ್) ಜಾರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ (JASO MA, ಒದ್ದೆ ಕ್ಲಚ್ ಬೈಕಿಗೆ ಹೊಂದುವ ಆಯಿಲಿನ ಗುರುತು) ಅಂತ ಇರುವುದನ್ನು ತನ್ನಿ.

ಪ್ರಶ್ನೆ: ಕಿಕ್ ಹೊಡೆದರೆ ಲಿವರ್ ಜಾರುತ್ತದೆ, ಎಂಜಿನ್ ತಿರುಗುವುದಿಲ್ಲ. ರ‍್ಯಾಚೆಟ್ ಬದಲಿಸಲು ಹೇಳಿದ್ದಾರೆ.

ಉತ್ತರ: ಮೊದಲು ಕ್ಲಚ್ ಕೇಬಲ್ ನೋಡಿ. ಎಷ್ಟೋ ಹಳೇ ಬೈಕುಗಳಲ್ಲಿ ಕಿಕ್ಕಿನ ಬಲ ಕ್ಲಚ್ ಮೂಲಕವೇ ಎಂಜಿನ್ನಿಗೆ ಹೋಗುತ್ತದೆ. ಕೇಬಲ್ ಬಿಗಿಯಾಗಿದ್ದರೆ ಪ್ಲೇಟ್ ಅರ್ಧ ಬಿಟ್ಟುಕೊಂಡು ಕಿಕ್ ಜಾರುತ್ತದೆ. ಹ್ಯಾಂಡಲಿನ ಲಿವರಿನಲ್ಲಿ 2ರಿಂದ 3 ಮಿಲಿಮೀಟರ್ ಆಟ ಬಿಟ್ಟು ಒಮ್ಮೆ ಕಿಕ್ ಹೊಡೆದು ನೋಡಿ. ಆಗಲೂ ಜಾರಿದರೆ ಕವರ್ ಬಿಚ್ಚುವ ಮಾತು.