ಸೀಟ್‌ಬೆಲ್ಟ್ ಬೋಲ್ಟಿಗೆ ಆಂಪ್ಲಿಫೈಯರ್ ಅರ್ತ್ ಬೇಡ

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯಲ್ಲಿ 400 ವಾಟ್‌ ಆರ್‌ಎಂಎಸ್‌ನ ಕ್ಲಾಸ್ ಡಿ ಆಂಪ್ಲಿಫೈಯರ್ ಹಾಕಿಸಿ ಎರಡು ತಿಂಗಳಾಯಿತು. ಎಂಜಿನ್ ಚಾಲೂ ಆದೊಡನೆ ಸ್ಪೀಕರುಗಳಲ್ಲಿ ಸೊಳ್ಳೆ ಹಾಡಿದಂತಹ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮೇಲಕ್ಕೇರುತ್ತದೆ. ಬಾಸ್ ಜೋರಾದಾಗ ಆಂಪ್ ಒಮ್ಮೆ ನಿಂತು ಮತ್ತೆ ಶುರುವಾಗುತ್ತದೆ. ಅರ್ತ್ ವೈರನ್ನು ಹಿಂದಿನ ಸೀಟ್‌ಬೆಲ್ಟಿನ ಬೋಲ್ಟಿಗೆ ಕೊಟ್ಟಿದ್ದಾರೆ. ಅಂಗಡಿಯವರು ಮೀಟರ್ ಇಟ್ಟು ‘ಸೊನ್ನೆ ಓಮ್, ಅರ್ತ್ ಸರಿಯಾಗಿದೆ’ ಎನ್ನುತ್ತಾರೆ. ನಾಯ್ಸ್ ಫಿಲ್ಟರ್ ಹಾಕಿಸಲು ಹೇಳುತ್ತಿದ್ದಾರೆ. ಹಾಕಿಸಲೇ?
– ಓದುಗರೊಬ್ಬರು, ಉಡುಪಿ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಎರಡೂ ತೊಂದರೆಗಳ ಬೇರು ಬಹುಮಟ್ಟಿಗೆ ಆ ಬೋಲ್ಟಿನಲ್ಲೇ ಇದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಆಂಪಿನ ದಕ್ಷತೆ ಶೇ 80 ಎಂದಿಟ್ಟುಕೊಂಡರೆ ಪೂರ್ಣ ಶಕ್ತಿಯಲ್ಲಿ ಅದು 500 ವಾಟ್ ಎಳೆಯುತ್ತದೆ; 13.8 ವೋಲ್ಟಿನಲ್ಲಿ ಅದು ಸುಮಾರು 36 ಆಂಪಿಯರ್. ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ಬಂದ ಅಷ್ಟೂ ಕರೆಂಟು ಬಾಡಿಯ ಮೂಲಕವೇ ವಾಪಸಾಗಬೇಕು. ಜೋಡಣೆಯಲ್ಲಿ ಬರೀ 0.05 ಓಮ್ ತಡೆ ಇದ್ದರೂ 1.8 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ; ಬಾಸ್ ಜೋರಾದಾಗ ಆಂಪ್ ನಿಲ್ಲುವುದು ಬಹುಮಟ್ಟಿಗೆ ಇದರಿಂದಲೇ. ಸಾಧಾರಣ ಮಲ್ಟಿಮೀಟರಿನ ವೈರುಗಳಿಗೇ ಆ 0.05 ಓಮಿನ ಮೂರು ನಾಲ್ಕು ಪಟ್ಟು ತಡೆ ಇರುತ್ತದೆ. ಅಂಥ ಮೀಟರ್ ತೋರಿಸಿದ ‘ಸೊನ್ನೆ’ಯನ್ನು ನಂಬಿ ಕೂರಬೇಡಿ.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ ಓಡುತ್ತಿರಲಿ, ಬಾಸ್ ತುಂಬಿರುವ ಹಾಡು ಜೋರಾಗಿ ಹಾಕಿ. ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ ಒಂದು ಕಡ್ಡಿಯನ್ನು ಆಂಪಿನ ಗ್ರೌಂಡ್ (ಅರ್ತ್) ಟರ್ಮಿನಲ್ಲಿಗೆ ಒತ್ತಿ; ಇನ್ನೊಂದನ್ನು ಉದ್ದ ವೈರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ. ಬಾಸ್ ಬಡಿದಾಗಲೆಲ್ಲ ಅಂಕಿ ಕುಣಿಯುತ್ತದೆ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಡೆಕ್ಕಿನ (ಮುಂದಿನ ಸ್ಟೀರಿಯೊದ) ಗ್ರೌಂಡಿಗೂ ಆಂಪಿನ ಗ್ರೌಂಡಿಗೂ ನಡುವೆ ಇರುವ ಈ ವ್ಯತ್ಯಾಸವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಏರಿಳಿತವನ್ನು ಹೊತ್ತು, ಡೆಕ್ಕಿನಿಂದ ಆಂಪಿಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್ ಮೂಲಕ ಸೊಳ್ಳೆಯಾಗಿ ಹಾಡುತ್ತದೆ. ಅರ್ತ್ ಪೂರ್ತಿ ಕಳಚಿದರಂತೂ ಆಂಪಿನ ಕರೆಂಟೆಲ್ಲ ಆ ಸಣ್ಣ ಕೇಬಲ್ಲಿನ ಹೊರಕವಚದಲ್ಲೇ ದಾರಿ ಹುಡುಕುತ್ತದೆ. ಆಗ ಡೆಕ್ ಸುಟ್ಟರೆ ಆಶ್ಚರ್ಯವಿಲ್ಲ.

ಸೀಟ್‌ಬೆಲ್ಟಿನ ಬೋಲ್ಟಿನ ಎಳೆಗಳಿಗೆ ಬಣ್ಣವೋ ಅಂಟೋ ಹತ್ತಿರುವುದುಂಟು. ಅದಕ್ಕಿಂತ ದೊಡ್ಡ ಮಾತು, ಅಪಘಾತದಲ್ಲಿ ನಿಮ್ಮನ್ನು ಹಿಡಿದಿಡುವ ಬೋಲ್ಟ್ ಅದು. ಅದರಡಿ ಲಗ್ (ವೈರಿನ ತುದಿಯ ಲೋಹದ ಬಳೆ) ತೂರಿಸುವ ಕೆಲಸ ಯಾರೂ ಮಾಡಬಾರದು. ಬೋಲ್ಟನ್ನು ಸರ್ವೀಸ್ ಕೇಂದ್ರದಲ್ಲಿ ಸರಿಯಾದ ಟಾರ್ಕಿಗೆ ಬಿಗಿಸಿ.

ಹೊಸ ಅರ್ತನ್ನು ಆಂಪಿನಿಂದ ಒಂದೂವರೆ ಅಡಿಯೊಳಗೆ, ಬಾಡಿಯ ಗಟ್ಟಿ ಉಕ್ಕಿಗೇ ಕೊಡಿ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ತೂತು ಕೊರೆಯುವ ಮುನ್ನ ಕಾರಿನಡಿ ಬಗ್ಗಿ ನೋಡಿ: ಹ್ಯಾಚ್‌ಬ್ಯಾಕುಗಳಲ್ಲಿ ಪೆಟ್ರೋಲ್ ಟ್ಯಾಂಕು ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗಿರುತ್ತದೆ, ಬ್ರೇಕ್ ಪೈಪುಗಳೂ ಅದೇ ಸುತ್ತಿನಲ್ಲಿ ಹಾಯುತ್ತವೆ. ಐದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬಣ್ಣವನ್ನೂ ಅದರಡಿಯ ಬೂದು ಪ್ರೈಮರನ್ನೂ ಎಮರಿ ಕಾಗದದಿಂದ ಉಜ್ಜಿ, ಉಕ್ಕು ಬೆಳ್ಳಗೆ ಹೊಳೆಯಬೇಕು. ಪ್ರೈಮರಿನಲ್ಲಿ ಕರೆಂಟು ಹರಿಯುವುದಿಲ್ಲ. ಬಹುತೇಕರು ಪ್ರೈಮರ್ ಕಂಡೊಡನೆ ಉಜ್ಜುವುದನ್ನು ಕೈಬಿಡುತ್ತಾರೆ. ಚೆನ್ನಾಗಿ ಕ್ರಿಂಪ್ ಮಾಡಿದ (ವೈರಿಗೆ ಒತ್ತಿ ಕಚ್ಚಿಸಿದ) ಲಗ್, ಸ್ಟಾರ್ ವಾಷರ್, ನಟ್ಟು ಬೋಲ್ಟು. ತಗಡಿಗೆ ಕಚ್ಚುವ ಸ್ಕ್ರೂ ಬೇಡವೇ ಬೇಡ. ಬಿಗಿದ ಮೇಲೆ ಮೇಲೂ ಕೆಳಗೂ ಬಣ್ಣ ಬಳಿಯಿರಿ. ನಿಮ್ಮ ಊರಿನ ಉಪ್ಪುಗಾಳಿಗೆ ಬೋಳು ಉಕ್ಕು ಒಂದು ಮಳೆಗಾಲವನ್ನೂ ತಾಳದು.

ಅರ್ತ್ ವೈರು ಪಾಸಿಟಿವ್ ವೈರಿನಷ್ಟೇ ದಪ್ಪ ಇರಲಿ. ಹೊರಗಿನ ರಬ್ಬರಿನ ದಪ್ಪಕ್ಕೆ ಮರುಳಾಗಬೇಡಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬಿಳುಪು ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಹಾಗೆಯೇ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯೇ, ಎಂಜಿನ್ ಕಡೆಯ ತಗಡನ್ನು ದಾಟುವಲ್ಲಿ ವೈರಿಗೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿನ ಬಳೆ) ಇದೆಯೇ ನೋಡಿ. ಇವಿಲ್ಲದಿದ್ದರೆ ಸದ್ದಿನ ಚಿಂತೆ ಬಿಟ್ಟು ಇಂದೇ ಹಾಕಿಸಿ. ಶಾರ್ಟ್ ಆದರೆ ಬೆಂಕಿ ಹೊತ್ತಬಹುದು.

ಪ್ರಶ್ನೆ: ಸಿಎನ್‌ಜಿ ಕಾರು. ಡಿಕ್ಕಿಯಲ್ಲಿ ಜಾಗವಿಲ್ಲ. ಆಂಪನ್ನು ವೂಫರ್ (ಬಾಸ್ ಸ್ಪೀಕರ್) ಪೆಟ್ಟಿಗೆಯ ಮೇಲೆ ಬಿಗಿಯಲೇ, ಸಿಲಿಂಡರಿನ ಸ್ಟ್ಯಾಂಡಿಗೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡೂ ಬೇಡ. ಪೆಟ್ಟಿಗೆಯ ನಡುಕಕ್ಕೆ ಆಂಪಿನೊಳಗಿನ ಬೆಸುಗೆಗಳು ಕ್ರಮೇಣ ಬಿಡುತ್ತವೆ. ಸಿಲಿಂಡರಿನ ಸ್ಟ್ಯಾಂಡಿಗೆ ತೂತು ಕೊರೆಯುವುದಾಗಲಿ, ಅರ್ತ್ ಕೊಡುವುದಾಗಲಿ ಕೂಡದು. ಹಿಂದಿನ ಸೀಟಿನ ಬೆನ್ನಿಗೆ ಪ್ಲೈವುಡ್ ಹಲಗೆ ಕೂರಿಸಿ, ಅದರ ಮೇಲೆ ಆಂಪ್ ಬಿಗಿಯಿರಿ. ಶಾಖ ಹೊರಬೀಳಲು ಸುತ್ತ ಎರಡು ಬೆರಳಿನಷ್ಟು ಜಾಗವಿರಲಿ. ತಲೆಕೆಳಗಾಗಿ ತೂಗುಹಾಕಿದರೆ ಬಿಸಿ ಅದರೊಳಗೇ ಉಳಿಯುತ್ತದೆ.

ಸಣ್ಣ ಆಂಪಾದರೆ ಮುಂದಿನ ಸೀಟಿನಡಿಯೂ ಹಿಡಿಸುತ್ತದೆ. ಆದರೆ ಎಡಗಡೆಯ ಕಾರ್ಪೆಟ್ಟನ್ನು ಮೊದಲು ಅಂಗೈಯಿಂದ ಒತ್ತಿ ನೋಡಿ. ತೇವ ಹತ್ತಿದರೆ ಎಸಿಯ ನೀರು ಹೋಗುವ ಕೊಳವೆ ಕಟ್ಟಿರುವ ಸಾಧ್ಯತೆ ಇದೆ; ಅದನ್ನು ಸ್ವಚ್ಛ ಮಾಡಿಸಿ, ಕಾರ್ಪೆಟ್ ಒಣಗಿದ ಮೇಲೆ ಆಂಪ್ ತನ್ನಿ.