ಎರಡು ಮಂಚದ ಕೋಣೆ

(ಗುರುತು ಸಿಗಬಾರದೆಂದು ಬಡಾವಣೆ, ಮಕ್ಕಳ ಉದ್ಯೋಗ ಮುಂತಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಕಳೆದ ಶ್ರಾವಣದ ಒಂದು ಮಧ್ಯಾಹ್ನ ಅಣ್ಣ, ತಂಗಿ ಇಬ್ಬರೂ, ಹಿರಿಯರ ಆರೈಕೆಯ ಬಗ್ಗೆ ಸಲಹೆ ಕೊಡುವ ನನ್ನ ಕೋಣೆಗೆ ಬಂದು ಕುಳಿತರು. ಇಬ್ಬರೂ ಐವತ್ತರ ಆಸುಪಾಸಿನವರು. ಹಿರಿಯರ ವಸತಿಗಳ ಮೂರು ಬಣ್ಣದ ಪುಸ್ತಿಕೆಗಳನ್ನು ಅಣ್ಣ ಮೇಜಿನ ಮೇಲೆ ಸಾಲಾಗಿ ಹರಡಿದರು. ಒಂದು ಬೆಂಗಳೂರಿನ ಹೊರವಲಯದ್ದು, ಒಂದು ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನದು, ಇನ್ನೊಂದು ಹುಬ್ಬಳ್ಳಿಯದೇ. “ಮೂರನ್ನೂ ತೋರಿಸಿದೆವು ಮೇಡಂ. ಮೂರಕ್ಕೂ ಒಲ್ಲೆ ಎನ್ನುತ್ತಾರೆ. ಯಾಕೆ ಎಂದರೆ ಮಾತಿಲ್ಲ.”

ತಂದೆಗೆ 79 ವರ್ಷ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲಿಯೇ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಗದಗ ರಸ್ತೆಯ ಕಡೆಗೆ ಸ್ವಂತ ಮನೆ, ಒಬ್ಬರೇ ವಾಸ. ಮಗ ಬೆಂಗಳೂರಿನಲ್ಲಿ. ಮಗಳು ಧಾರವಾಡದಲ್ಲಿದ್ದರೂ ಅವರ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದು ನಾಲ್ಕು ವರ್ಷ. ತಂದೆ ಮೂರು ತಿಂಗಳಲ್ಲಿ ಎರಡು ಸಲ ಬಚ್ಚಲಿನಲ್ಲಿ ಬಿದ್ದಿದ್ದರು. ಎರಡೂ ಸಲ ನಸುಕಿನ ನಾಲ್ಕರ ಹೊತ್ತು. ಎರಡನೆಯ ಸಲ ಮಣಿಕಟ್ಟು ಮುರಿದಿತ್ತು. ಹಾಲು ಹಾಕಲು ಬಂದ ಹುಡುಗ ನರಳುವುದನ್ನು ಕೇಳಿ ನೆರೆಯವರನ್ನು ಎಬ್ಬಿಸಿದ್ದ.

“ಅಪ್ಪನದು ಮೊದಲಿನಿಂದಲೂ ಹಟ” ಎಂಬುದು ಮಗನ ವಿವರಣೆ. “ನಾವು ಕೈಬಿಟ್ಟೆವು ಎಂದು ನೊಂದುಕೊಂಡಿದ್ದಾರೆ” ಎಂಬುದು ಮಗಳದು. ಹೇಳುತ್ತಲೇ ಅವರ ಕಣ್ಣು ತುಂಬಿತು.

ಅಂದು ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು. ಮುಕ್ಕಾಲು ಗಂಟೆ ಆ ಪುಸ್ತಿಕೆಗಳ ಮೇಲೆಯೇ ಮಾತನಾಡಿದೆ. ಯಾವುದಕ್ಕೆ ಎಷ್ಟು ಠೇವಣಿ, ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ ಎಂದು ಕಾಗದದ ಮೇಲೆ ಗೆರೆ ಎಳೆದು ಬರೆದುಕೊಂಡೆ. ಯಾರು ಹೋಗಿ ಇರಬೇಕೋ ಅವರನ್ನು ನಾನಿನ್ನೂ ನೋಡಿರಲಿಲ್ಲ. ಅಣ್ಣ, ತಂಗಿ ಎದ್ದು ಹೋದ ಮೇಲೆ ಆ ಕಾಗದವನ್ನು ನೋಡಿ ನನಗೇ ಕಸಿವಿಸಿಯಾಯಿತು. ಮರುದಿನ ಮಗಳಿಗೆ ಫೋನ್ ಮಾಡಿ, ತಂದೆಯವರನ್ನು ಅವರ ಮನೆಯಲ್ಲಿಯೇ, ಮಕ್ಕಳಿಲ್ಲದಾಗ ಕಾಣುತ್ತೇನೆ ಎಂದೆ.

ಮೊದಲ ಭೇಟಿಯಲ್ಲಿ ಕಾಕಾ ನನಗೆ ಚಹಾ ಮಾಡಿಕೊಟ್ಟರು, ಒಂದು ಕೈಗೆ ಬ್ಯಾಂಡೇಜ್ ಇದ್ದರೂ. ವರ್ಕ್‌ಶಾಪಿನ ಮಾತು, ಸಿದ್ಧಾರೂಢ ಮಠದ ಜಾತ್ರೆಯ ಮಾತು, ನಿಲ್ದಾಣಕ್ಕೆ ಬಂದ ಒಂದೂವರೆ ಕಿಲೋಮೀಟರ್ ಉದ್ದದ ಹೊಸ ಪ್ಲಾಟ್‌ಫಾರ್ಮಿನ ಮಾತು. ನೆನಪು ಸ್ವಚ್ಛವಾಗಿತ್ತು, ಲೆಕ್ಕ ಚೊಕ್ಕವಾಗಿತ್ತು. ವಸತಿಯ ಮಾತು ಎತ್ತಿದ ಕೂಡಲೇ ಮುಖ ತಿರುವಿದರು. ಹಿಂದಿನ ಅಂಗಳದ ಹಗ್ಗದ ಮೇಲೆ ಎರಡು ಗಾಢ ಬಣ್ಣದ ಹಾಸಿಗೆ ಬಟ್ಟೆಗಳು ನೀರು ಸೋರುತ್ತ ತೂಗಾಡುತ್ತಿದ್ದವು.

ವಾರದ ನಂತರ ಮತ್ತೆ ಹೋದೆ. ಬೆಳಗಿನ ಒಂಬತ್ತು ಗಂಟೆ, ಹೊರಗೆ ಜಿಟಿಜಿಟಿ ಮಳೆ. ಅವೇ ಎರಡು ಬಟ್ಟೆಗಳು ಈಗ ಪಡಸಾಲೆಯ ಒಳಗೆ ಹಗ್ಗದ ಮೇಲಿದ್ದವು, ಹಸಿಯಾಗಿ. ಆ ಭಾಗದಲ್ಲಿ ನಲ್ಲಿ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ. ಒಬ್ಬರೇ ಇರುವ ಮನೆಯಲ್ಲಿ, ಕೈ ಮುರಿದುಕೊಂಡವರು, ಇಂಥ ಮಳೆಯಲ್ಲಿ, ಕೂಡಿಟ್ಟ ನೀರಿನಲ್ಲಿ ದಿನವೂ ಹಾಸಿಗೆ ಬಟ್ಟೆ ಒಗೆಯುವುದು ಏತಕ್ಕೆ?

ಕೇಳುವುದಕ್ಕೆ ನನಗೂ ಸಂಕೋಚವಾಗಿತ್ತು. “ಕಾಕಾ, ರಾತ್ರಿ ಎಷ್ಟು ಸಲ ಏಳುತ್ತೀರಿ?” ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಗೋಡೆಯನ್ನು ನೋಡುತ್ತ ಹೇಳಿದರು: “ಎಚ್ಚರವಾಗಿದ್ದರೆ ಚಿಂತೆ ಎಲ್ಲಿತ್ತು ತಂಗಿ?”

ಅಲ್ಲಿಂದ ಮುಂದೆ ಎಲ್ಲವೂ ತಾನಾಗಿ ಹೊರಬಂತು. ಒಂದು ವರ್ಷದಿಂದ ನಿದ್ದೆಯಲ್ಲಿ ಮೂತ್ರ ಹೋಗುತ್ತಿತ್ತು. ನಸುಕಿನಲ್ಲಿ ಎದ್ದು, ಕೆಲಸದಾಕೆ ಬರುವುದರೊಳಗೆ ಬಟ್ಟೆ ಒಗೆದು ಹಾಕುತ್ತಿದ್ದರು. ಬಿದ್ದದ್ದು ಬಕೆಟ್ಟಿನಲ್ಲಿ ಒದ್ದೆ ಬಟ್ಟೆ ಎತ್ತುವಾಗ. ಇನ್ನು ವಸತಿಗಳ ವಿಷಯ: ಖರ್ಚು ಕಡಿಮೆ, ಜೊತೆಗೊಬ್ಬರು ಇದ್ದಂತೆಯೂ ಆಯಿತು ಎಂದು ಮಗ ಮೂರು ಕಡೆಯೂ ಕೇಳಿದ್ದು ಎರಡು ಮಂಚದ ಕೋಣೆ. “ಪರರ ಮುಂದೆ ಹಾಸಿಗೆ ಒದ್ದೆ ಮಾಡಿಕೊಂಡು ಮಲಗಲೇ? ಅದಕ್ಕಿಂತ ಈ ಬಚ್ಚಲಲ್ಲಿ ಬಿದ್ದು ಸಾಯುವುದು ಲೇಸು” ಎಂದರು ಕಾಕಾ.

ಹಟವೂ ಅಲ್ಲ, ಮಕ್ಕಳ ಮೇಲಿನ ನೋವೂ ಅಲ್ಲ. ಎರಡನೆಯ ಮಂಚ.

ಇದರಲ್ಲಿ ಯಾರಿಗೆ ಎಷ್ಟು ಹೇಳಲಿ ಎಂದು ಅವರನ್ನೇ ಕೇಳಿದೆ. “ಡಾಕ್ಟರಿಗೆ ಹೇಳಿರಿ. ಮಗನಿಗೂ ಹೇಳಿರಿ. ಸೊಸೆಗೆ ಬೇಡ.” ಹಾಗೆಯೇ ನಡೆದುಕೊಂಡೆ. ಮಗಳಿಗೆ ತಾವೇ ಹೇಳಿದರು, ಎರಡು ವಾರದ ನಂತರ. ವಯಸ್ಸಾದವರ ಗುಟ್ಟನ್ನು ಅವರ ಒಳ್ಳೆಯದಕ್ಕೇ ಎಂದುಕೊಂಡು ಮನೆಯಲ್ಲೆಲ್ಲ ಹಂಚುವವರಿದ್ದಾರೆ. ಒಮ್ಮೆ ಹಾಗಾದರೆ ಆ ಹಿರಿಯರು ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ.

ನನ್ನ ಮೊದಲ ಸಲಹೆ ವಸತಿಯದ್ದಾಗಿರಲಿಲ್ಲ. ಪುಸ್ತಿಕೆಗಳನ್ನು ಮುಚ್ಚಿಡಿ, ಮೊದಲು ಮೂತ್ರರೋಗ ತಜ್ಞರಿಗೆ ತೋರಿಸಿ ಎಂದೆ. ತಪಾಸಣೆಯಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿರುವುದು ಕಂಡಿತು. ಮೂತ್ರಕೋಶ ಪೂರ್ತಿ ಖಾಲಿಯಾಗದೆ, ತುಂಬಿ, ನಿದ್ದೆಯಲ್ಲಿ ಸೋರುತ್ತಿತ್ತು. ಹೀಗೆಯೇ ಬಿಟ್ಟರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಅದರ ಪರೀಕ್ಷೆಯೂ ಆಯಿತು. ಇನ್ನೊಂದು ಸಂಗತಿ ಮಾತ್ರೆಗಳ ಪೊಟ್ಟಣ ಬಿಚ್ಚಿದಾಗ ತಿಳಿಯಿತು. ರಕ್ತದೊತ್ತಡಕ್ಕೆ ಕೊಟ್ಟ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆಯೊಂದಿತ್ತು, ಬೆಳಿಗ್ಗೆ ತೆಗೆದುಕೊಳ್ಳಬೇಕಾದದ್ದು. ಹೆಂಡತಿ ಇದ್ದಾಗ ಹೊತ್ತು ಹೊತ್ತಿಗೆ ಅವರೇ ಕೈಗೆ ಕೊಡುತ್ತಿದ್ದರು. ಅವರು ಹೋದ ಮೇಲೆ, ಮರೆಯಬಾರದೆಂದು, ಕಾಕಾ ಎಲ್ಲವನ್ನೂ ರಾತ್ರಿ ಊಟದ ನಂತರ ಒಟ್ಟಿಗೆ ನುಂಗುತ್ತಿದ್ದರು. ವೈದ್ಯರು ಅದನ್ನು ಬೆಳಗಿಗೆ ತಂದರು, ಪ್ರಾಸ್ಟೇಟಿಗೆ ಔಷಧ ಬರೆದರು. ಈ ಔಷಧದಿಂದ ತಟ್ಟನೆ ಎದ್ದರೆ ತಲೆ ತಿರುಗಬಹುದು, ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಏಳಬೇಕು ಎಂದೂ ಹೇಳಿದರು. ಎರಡು ತಿಂಗಳಲ್ಲಿ ದಿನದ ಕಾಟ ವಾರಕ್ಕೊಮ್ಮೆಗೆ ಇಳಿಯಿತು. ಬಚ್ಚಲಿಗೆ ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ ಹಾಕಿಸಿದೆವು.

ಇಷ್ಟಾದ ಮೇಲೆ ವಸತಿ ಬೇಕೇ? ಮಗಳು ಬೇಡವೆಂದರು. ಅವರಿಗೆ ‘ವೃದ್ಧಾಶ್ರಮ’ ಎಂಬ ಮಾತೇ ಮುಳ್ಳಾಗಿತ್ತು. ಗಂಡನ ಮನೆಯವರು, ಓಣಿಯವರು ಏನೆಂದಾರು ಎಂಬ ಅಂಜಿಕೆ. ಜನರ ಮಾತಿಗೆ ಕಿವಿಗೊಡಬೇಡಿ ಎಂದು ನಾನು ಹೇಳಲಿಲ್ಲ. ಧಾರವಾಡದಂಥ ಊರಿನಲ್ಲಿ ಬಾಳುವವರಿಗೆ ಆ ಮಾತು ಪ್ರಯೋಜನಕ್ಕೆ ಬರುವುದಿಲ್ಲ. “ಅಪ್ಪ ನಸುಕಿನ ನಾಲ್ಕಕ್ಕೆ ಮತ್ತೆ ಬಿದ್ದರೆ ನೀವು ಎಷ್ಟು ಹೊತ್ತಿಗೆ ಅಲ್ಲಿರುತ್ತೀರಿ?” ಎಂದು ಕೇಳಿದೆ. ಧಾರವಾಡದಿಂದ ಇಪ್ಪತ್ತು ಕಿಲೋಮೀಟರ್. ಆ ಹೊತ್ತಿಗೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಇಲ್ಲ, ಅತ್ತೆಯನ್ನು ಬಿಟ್ಟು ಹೊರಡುವಂತೆಯೂ ಇಲ್ಲ. ಅವರು ಲೆಕ್ಕ ಹಾಕಿ ಸುಮ್ಮನಾದರು. ಕಾಕಾ ಮಾತ್ರ ಆಗ ತಾವಾಗಿಯೇ ಹೇಳಿದರು: ಒಂದೇ ಮಂಚ, ಕೋಣೆಗೇ ಹೊಂದಿಕೊಂಡ ಶೌಚಾಲಯ, ಹುಬ್ಬಳ್ಳಿ ಬಿಡುವುದಿಲ್ಲ. ಈ ಮೂರು ಇದ್ದರೆ ನೋಡೋಣ.

ಹುಬ್ಬಳ್ಳಿ ಬಿಡದಿರಲು ಕಾರಣ ಊರಿನ ಮೋಹವಷ್ಟೇ ಅಲ್ಲ. ನಿವೃತ್ತ ರೈಲ್ವೆ ನೌಕರರಾದ ಅವರ ಚಿಕಿತ್ಸೆ, ಮಾತ್ರೆ ಎಲ್ಲವೂ ರೈಲ್ವೆ ಆಸ್ಪತ್ರೆಯಲ್ಲಿ, ರೈಲ್ವೆಯವರ ವೈದ್ಯಕೀಯ ಗುರುತಿನ ಚೀಟಿಯಾದ ಉಮೀದ್ ಕಾರ್ಡಿನ ಮೇಲೆ. ತಿಂಗಳಿಗೊಮ್ಮೆ ಅಲ್ಲಿಗೆ ಹೋದಾಗ ಹಳೆಯ ಸಂಗಾತಿಗಳು ಸಿಗುತ್ತಾರೆ. ಭಾನುವಾರ ಸಿದ್ಧಾರೂಢ ಮಠ. ಬೆಂಗಳೂರಿನ ಹೊರವಲಯದಲ್ಲಿ ತೋಟ ಎಷ್ಟೇ ಚೆಂದವಿರಲಿ, ಇವೆರಡನ್ನು ಅಲ್ಲಿ ನೆಡುವುದಕ್ಕೆ ಆಗುವುದಿಲ್ಲ. ಹಾಗಾಗಿ, ಅವರ ತಿಂಗಳ ಓಡಾಟದ ಜಾಗಗಳನ್ನು ಬರೆದಿಟ್ಟುಕೊಂಡು, ಅವುಗಳಿಗೆ ಆಟೋದಲ್ಲಿ ಕಾಲು ಗಂಟೆಯೊಳಗೆ ಮುಟ್ಟುವ ಜಾಗ ಮಾತ್ರ ಹುಡುಕಿ ಎಂದೆ.

ಕೊನೆಗೆ ಸಿಕ್ಕದ್ದು ಪಕ್ಕದ ಬಡಾವಣೆಯ ಮನೆಯೊಂದನ್ನೇ ಮಾರ್ಪಡಿಸಿದ ಸಣ್ಣ ವಸತಿ. ಹದಿನಾಲ್ಕು ಜನ. ತೋಟವಿಲ್ಲ, ಬಾಗಿಲಿಗೆ ಬೇವಿನ ಮರವಿದೆ. ಅಲ್ಲಿಗೆ ಹೇಗೆ ಹೋಗಬೇಕು, ಏನು ಕೇಳಬೇಕು ಎಂದು ಮಕ್ಕಳಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ.

ಹಗಲು ಒಮ್ಮೆ ನೋಡಿದ ಮೇಲೆ ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಹೋಗಿ, ತಿಳಿಸದೆ. ರಾತ್ರಿ ಯಾರು ಎಚ್ಚರವಿರುತ್ತಾರೆ, ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಹಗಲಿನಲ್ಲಿ ಗೊತ್ತಾಗುವುದಿಲ್ಲ. “ಕಳೆದ ವರ್ಷ ಇಲ್ಲಿ ಎಷ್ಟು ಜನ ಬಿದ್ದರು?” ಎಂದು ಕೇಳಿ. 65 ದಾಟಿದವರಲ್ಲಿ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆ ಬೀಳುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಥೂಲ ಅಂದಾಜು; ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ ಎನ್ನುವವರು ಒಂದೋ ನೋಡುತ್ತಿಲ್ಲ, ಇಲ್ಲವೇ ಹೇಳುತ್ತಿಲ್ಲ. ನೀರು ಎಷ್ಟು ದಿನಕ್ಕೆ ಬರುತ್ತದೆ, ತೊಟ್ಟಿ ಎಷ್ಟು ದೊಡ್ಡದು, ಹಾಸಿಗೆ ಬಟ್ಟೆ ಯಾರು ಯಾವಾಗ ಒಗೆಯುತ್ತಾರೆ ಎಂದು ಕೇಳುವುದಕ್ಕೆ ನಾಚಬೇಡಿ. ಹುಬ್ಬಳ್ಳಿ, ಧಾರವಾಡದಲ್ಲಿ ಇದು ಊಟದ ಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ. ಊಟದ ವಿಷಯದಲ್ಲಿ ಕಾಕಾ ತಾವೇ ಮಾತನಾಡಿಕೊಂಡರು: ಕಟ್ಟಿದ ಹಲ್ಲಿಗೆ ಕಟಕ ರೊಟ್ಟಿ ಆಗದು, ಬಿಸಿ ರೊಟ್ಟಿಯನ್ನು ಹಿಚುಕಿ ಮಾಡಿದ ಮುಟಗಿ ಬೇಕು.

ಕರಾರು ಪತ್ರದಲ್ಲಿ ನಾಳೆ ಹಾಸಿಗೆ ಹಿಡಿದರೆ ಅಥವಾ ಮರೆವಿನ ಕಾಯಿಲೆ ಬಂದರೆ ಇರಿಸಿಕೊಳ್ಳುತ್ತಾರೋ ಕಳಿಸುತ್ತಾರೋ, ಬಿಟ್ಟು ಹೋದರೆ ಅಥವಾ ತೀರಿಕೊಂಡರೆ ಠೇವಣಿ ಎಷ್ಟು ದಿನದಲ್ಲಿ ಹಿಂದಿರುಗುತ್ತದೆ ಎಂಬ ಎರಡು ಮಾತು ಅಕ್ಷರದಲ್ಲಿ ಇರಲೇಬೇಕು. ಬಾಯಿಮಾತು ಸಾಲದು.

ಮಗ ಮನೆ ಮಾರುವ ಯೋಚನೆಯಲ್ಲಿದ್ದರು. ಒಂದು ವರ್ಷ ಅದರ ಸುದ್ದಿ ಬೇಡ ಎಂದು ಖಂಡಿತವಾಗಿ ಹೇಳಿದೆ. ತಿರುಗಿ ಬರಲು ಮನೆ ಇದೆ ಎಂದಿದ್ದರೆ ಮಾತ್ರ ಹಿರಿಯರು ಹೊಸ ಜಾಗಕ್ಕೆ ಧೈರ್ಯದಿಂದ ಕಾಲಿಡುತ್ತಾರೆ. ಮುಂದಿನ ಭಾಗ ಬಾಡಿಗೆಗೆ ಹೋಯಿತು, ಹಿಂದಿನ ಕೋಣೆ ಕಾಕಾ ಅವರದಾಗಿಯೇ ಉಳಿಯಿತು. ಪಿಂಚಣಿ, ಬಾಡಿಗೆ ಸೇರಿ ಖರ್ಚು ಹೊಂದುತ್ತದೆ. 80 ತುಂಬಿದ ಮೇಲೆ ಮೂಲ ಪಿಂಚಣಿಯ ಮೇಲೆ ಶೇ. 20ರಷ್ಟು ಹೆಚ್ಚುವರಿಯೂ ಬರುತ್ತದೆ. ಮುಂದೆಂದಾದರೂ ಮನೆಯನ್ನು ಮಕ್ಕಳ ಹೆಸರಿಗೆ ಮಾಡುವುದಿದ್ದರೆ, ನೋಡಿಕೊಳ್ಳಬೇಕೆಂಬ ಷರತ್ತನ್ನು ಆ ಪತ್ರದಲ್ಲಿಯೇ ಬರೆಸಿ ಎಂದು ಮೂವರ ಎದುರಿಗೇ ಹೇಳಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಂತೆ, ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯಲ್ಲಿ ಪತ್ರವನ್ನು ರದ್ದು ಮಾಡಿಸಬಹುದು. ಮಗನಿಗೆ ಮೊದಲು ಇರಿಸುಮುರಿಸಾಯಿತು. “ಬರೆಸೋಣ” ಎಂದು ಆಮೇಲೆ ಅವರೇ ಹೇಳಿದರು. ಹಿರಿಯರ ಸಹಾಯವಾಣಿ 14567 ಅನ್ನು ಕಾಕಾ ತಮ್ಮ ಮೊಬೈಲಿನಲ್ಲಿ ತಾವೇ ಉಳಿಸಿಕೊಂಡರು.

ದಸರೆಯ ನಂತರ ಹದಿನೈದು ದಿನದ ಪ್ರಾಯೋಗಿಕ ವಾಸಕ್ಕೆ ಹೋದರು. ಹತ್ತನೆಯ ದಿನಕ್ಕೇ ಚೀಲ ಹಿಡಿದು ಮನೆಗೆ ಬಂದುಬಿಟ್ಟರು. ಮಗಳು ಗಾಬರಿಯಾಗಿ ನನಗೆ ಫೋನ್ ಮಾಡಿದರು. ಯಾರೂ ಬೈಯಬೇಡಿ, ಕಾರಣವನ್ನಷ್ಟೇ ಕೇಳಿ ಎಂದೆ. ರಾತ್ರಿ ಊಟ ಏಳಕ್ಕೇ ಮುಗಿಯುತ್ತದೆ, ನಡುರಾತ್ರಿ ಹಸಿವಾಗುತ್ತದೆ, ಕೇಳಲು ನಾಚಿಕೆ. ನಡೆಸುವವರೊಡನೆ ಮಾತನಾಡಿ ಒಂಬತ್ತಕ್ಕೆ ಒಂದು ಲೋಟ ಹಾಲು, ಕೋಣೆಯಲ್ಲಿ ಒಂದು ಡಬ್ಬಿ ಚುರುಮುರಿ ಎಂದು ಗೊತ್ತುಮಾಡಿದೆವು. ಮರಳಿ ಹೋದರು.

ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಅರ್ಜಿಯಲ್ಲಿ ವಿಳಾಸ ಯಾವುದು ಬರೆಯಲಿ ಎಂದು ಕೇಳಿದರು. ಪತ್ರ ಬಂದರೆ ನಿಮ್ಮ ಕೈಗೆ ಎಲ್ಲಿ ಬೇಗ ಸಿಗುತ್ತದೋ ಅದನ್ನು ಬರೆಯಿರಿ ಕಾಕಾ ಎಂದೆ. ಸ್ವಲ್ಪ ಯೋಚಿಸಿ, “ಹಾಗಾದರೆ ಬೇವಿನ ಮರದ್ದೇ ಬರೆಯುತ್ತೇನೆ” ಎಂದರು.